ನೋಡುವವರ ಋಣ

ಒಲೆಯ ಮೇಲಿಟ್ಟ ಹಾಲಿಗೆ ನಾವು ನೋಡುತ್ತ ನಿಂತಿದ್ದೇವೆಂಬುದು ತಿಳಿಯದು. ನಾವು ಎದುರಿಗಿದ್ದರೂ ಅಷ್ಟೆ, ಹಿತ್ತಲಿಗೆ ಹೋದರೂ ಅಷ್ಟೆ, ಅದು ತನ್ನ ಹೊತ್ತಿಗೆ ಉಕ್ಕುತ್ತದೆ. ಮನುಷ್ಯರು ಹಾಗಲ್ಲ. ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾದ ಕ್ಷಣದಿಂದ ನಾವು ಸ್ವಲ್ಪ ಬೇರೆಯವರಾಗಿಬಿಡುತ್ತೇವೆ. ಸೆರಗು ಸರಿಮಾಡಿಕೊಳ್ಳುತ್ತೇವೆ, ದನಿ ತಗ್ಗಿಸುತ್ತೇವೆ, ನಗುವನ್ನು ಅರ್ಧಕ್ಕೆ ನಿಲ್ಲಿಸುತ್ತೇವೆ. ಶಾಲೆಗೆ ತಪಾಸಣೆಗಾಗಿ ಅಧಿಕಾರಿಗಳು ಬರುವ ದಿನ ಇದನ್ನು ಚೆನ್ನಾಗಿ ಕಾಣಬಹುದು. ಗೋಡೆಯ ಮೇಲೆ ಹೊಸ ಚಾರ್ಟು, ಮಕ್ಕಳ ತಲೆಗೆ ಎಣ್ಣೆ, ಟೀಚರ ಕೈಯಲ್ಲಿ ಪಾಠ ಟಿಪ್ಪಣಿ. ಹಿಂದಿನ ಬೆಂಚಿನ ತುಂಟ ಹುಡುಗನೂ ಕೈಕಟ್ಟಿ ಕೂತಿರುತ್ತಾನೆ. ಸಾಹೇಬರು ಎಲ್ಲವನ್ನೂ ನೋಡಿ, ಬರೆದುಕೊಂಡು, ಕಾಫಿ ಕುಡಿದು ಹೋಗುತ್ತಾರೆ. ಅವರು ನೋಡಿ ಹೋದದ್ದು ತಪಾಸಣೆಯ ದಿನದ ಶಾಲೆಯನ್ನು. ಉಳಿದ ದಿನಗಳ ಶಾಲೆ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನೊಬ್ಬರ ಒಳಗನ್ನು ಕೆಡಿಸದೆ ನೋಡಲು ಸಾಧ್ಯವೆ? ನೋಡುವ ಹಕ್ಕು ಯಾರಿಗಿದೆ? ನೋಡಿದವರ ಮೇಲೆ ಯಾವ ಹೊಣೆ ಬೀಳುತ್ತದೆ? ಹೆಂಗಸರಾದ ನಮಗೆ ಈ ಪ್ರಶ್ನೆಗಳು ಹೊಸವಲ್ಲ. ಹುಟ್ಟಿದಂದಿನಿಂದ ನಾವು ಯಾರಾದರೊಬ್ಬರ ಕಣ್ಣಳತೆಯಲ್ಲಿಯೇ ಬೆಳೆದವರು. ಎದುರು ಮನೆಯ ಕಿಟಕಿ, ಬಸ್ ನಿಲ್ದಾಣದ ಕಟ್ಟೆ, ಅತ್ತೆಯ ಮನೆಯ ನಡುಮನೆ, ಎಲ್ಲ ಕಡೆಯೂ ಕಣ್ಣುಗಳಿದ್ದವು. ನಮ್ಮನ್ನು ನೋಡುವವರಿಗೂ ಒಂದು ಧರ್ಮವಿದೆ, ನಿಯಮವಿದೆ ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಅಂಥ ನಿಯಮಗಳನ್ನು ವರ್ಷಗಟ್ಟಲೆ ಯೋಚಿಸಿ ಬರೆದಿಟ್ಟವರು ಕಂಪ್ಯೂಟರಿನ ಜನ ಎಂದು ಗೊತ್ತಾದಾಗ ನನಗೆ ಆಶ್ಚರ್ಯವೇ ಆಯಿತು.

ನಾನು ಓದಿದ್ದು ಕಲಾ ವಿಷಯ, ಕಲಿಸುವುದು ಸಮಾಜ ವಿಜ್ಞಾನ. ಈ ಸಂಗತಿಗಳನ್ನು ನನಗೆ ತಿಳಿಸಿದವಳು ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿರುವ ನನ್ನ ತಂಗಿಯ ಮಗಳು. ರಜೆಗೆ ಬಂದಾಗ ಹುಣಸೆಹಣ್ಣು ಬಿಡಿಸುತ್ತ ಕೂತು, “ದೊಡ್ಡಮ್ಮಾ, ನನ್ನ ಕೆಲಸ ಏನು ಗೊತ್ತಾ? ಯಂತ್ರದ ಹೊಟ್ಟೆಯೊಳಗೆ ಅದಕ್ಕೇ ಗೊತ್ತಾಗದ ಹಾಗೆ ಕಣ್ಣು ಇಡೋದು” ಎಂದಳು. ಹಾಗೆ ಶುರುವಾದ ಮಾತು ಮೂರು ದಿನ ನಡೆಯಿತು.

ಕಂಪ್ಯೂಟರಿನಲ್ಲಿ, ಫೋನಿನಲ್ಲಿ ನಾವು ಬಳಸುವ ಕಾರ್ಯಕ್ರಮಗಳೆಲ್ಲ ಮೇಲಿನ ಪದರದವು. ಅವುಗಳ ಅಡಿಯಲ್ಲಿ ಒಂದು ತಿರುಳು ಇರುತ್ತದೆ. ಅದನ್ನು ಕರ್ನಲ್ ಎನ್ನುತ್ತಾರೆ. ಯಾರಿಗೆ ಎಷ್ಟು ಹೊತ್ತು ಕೆಲಸಕ್ಕೆ ಅವಕಾಶ, ಯಾರ ಸಾಮಾನು ಎಲ್ಲಿ ಇಡಬೇಕು, ಹೊರಗಿನಿಂದ ಬಂದ ಸಂದೇಶವನ್ನು ಯಾರಿಗೆ ಮುಟ್ಟಿಸಬೇಕು, ಇವೆಲ್ಲ ಅದರ ಜವಾಬ್ದಾರಿ. ದೊಡ್ಡ ಕೂಡು ಕುಟುಂಬದಲ್ಲಿ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಹಿರಿಯಾಕೆಯ ಹಾಗೆ ಎಂದುಕೊಳ್ಳಿ. ಆಕೆ ಮಲಗಿದರೆ ಮನೆಯೇ ಮಲಗುತ್ತದೆ. ಅಂಥ ಒಂದು ತಿರುಳು ಲಿನಕ್ಸ್. ೧೯೯೧ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಅದನ್ನು ಬರೆಯಲು ಶುರುಮಾಡಿದ. ಅದರ ಬರಹ ಎಲ್ಲರಿಗೂ ತೆರೆದಿದೆ. ಲೋಕದ ಮೂಲೆಮೂಲೆಯವರು ಸೇರಿ ಬೆಳೆಸಿ ಈಗ ಅದು ಮೂರು ಕೋಟಿ ಸಾಲುಗಳನ್ನು ದಾಟಿದೆ. ನಮ್ಮ ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳ ಅಡಿಯಲ್ಲಿಯೂ ಅದೇ ತಿರುಳಿದೆ.

ಇಷ್ಟು ದೊಡ್ಡ ಸಂಸಾರದಲ್ಲಿ ಎಲ್ಲೋ ಏನೋ ತಪ್ಪುತ್ತದೆ. ಯಂತ್ರ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ, ದಿನಕ್ಕೊಮ್ಮೆ ಸುಮ್ಮನೆ ಸ್ತಬ್ಧವಾಗುತ್ತದೆ. ಕಾರಣ ತಿಳಿಯಬೇಕಾದರೆ ಒಳಗೆ ನೋಡಬೇಕು. ಹಳೆಯ ಕ್ರಮ ಏನೆಂದರೆ, ಅನುಮಾನವಿದ್ದ ಜಾಗದಲ್ಲೆಲ್ಲ “ಇಲ್ಲಿಗೆ ಬಂದೆ”, “ಇಲ್ಲಿಂದ ಹೊರಟೆ” ಎಂದು ಬರೆಯುವ ಸಾಲುಗಳನ್ನು ಸೇರಿಸಿ, ತಿರುಳನ್ನೇ ಮತ್ತೆ ಕಟ್ಟಿ, ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡುವುದು. ಇದರಲ್ಲಿ ಎರಡು ತೊಡಕು. ನಿಲ್ಲಿಸಿದ ಕೂಡಲೇ ನಾವು ಹುಡುಕುತ್ತಿದ್ದ ಸ್ಥಿತಿಯೇ ಮಾಯವಾಗುತ್ತದೆ. ಎರಡನೆಯದಾಗಿ, ಹೀಗೆ ಬರೆಯುವುದಕ್ಕೂ ಹೊತ್ತು ಹಿಡಿಯುವುದರಿಂದ ಕೆಲಸಗಳ ಲಯ ಬದಲಾಗಿ, ತಪ್ಪು ತಾನಾಗಿಯೇ ಅಡಗಿಕೊಂಡುಬಿಡುತ್ತದೆ. ಬರೆಯುವ ಸಾಲುಗಳನ್ನು ತೆಗೆದರೆ ಮತ್ತೆ ಹಾಜರ್! ಇಂಥ ತಪ್ಪಿಗೆ ಅವರು ಹೈಸನ್‌ಬರ್ಗ್ ಎಂಬ ಭೌತ ವಿಜ್ಞಾನಿಯ ಹೆಸರನ್ನು ತಿರುಚಿ ಹೈಸನ್‌ಬಗ್ ಎಂದು ಹೆಸರಿಟ್ಟಿದ್ದಾರೆ. ನಾನಾದರೆ ಅದಕ್ಕೆ ತಪಾಸಣೆಯ ದಿನದ ತುಂಟ ಹುಡುಗ ಎನ್ನುತ್ತೇನೆ.

ಇದಕ್ಕೆ ಅವರು ಕಂಡುಕೊಂಡ ಉಪಾಯ ಕೊಕ್ಕೆ. ತಿರುಳಿನ ಬರಹದಲ್ಲಿ, ಮುಂದೆಂದಾದರೂ ನೋಡಬೇಕಾಗಬಹುದಾದ ಜಾಗಗಳಲ್ಲಿ ಒಂದೊಂದು ಕೊಕ್ಕೆಯನ್ನು ಸಿಕ್ಕಿಸಿಡುವುದು. ಬೇಕಾದಾಗ ಆ ಕೊಕ್ಕೆಗೆ ಕಣ್ಣನ್ನು ತಗುಲಿಹಾಕಬಹುದು; ಕೆಲಸ ಮುಗಿದೊಡನೆ ಕಳಚಬಹುದು. ನಮ್ಮ ಮಾತಿನಲ್ಲಿ ಕೊಕ್ಕೆ ಹಾಕುವುದೆಂದರೆ ಆಗುವ ಕೆಲಸಕ್ಕೆ ಅಡ್ಡಿ ತರುವುದು ಎಂದರ್ಥ. ಅಡ್ಡಿಯಾಗದ ಕೊಕ್ಕೆಯನ್ನು ಹಾಕುವುದು ಹೇಗೆ ಎಂಬುದೇ ಇವರ ವಿದ್ಯೆಯ ಸಾರ.

ಈ ವಿದ್ಯೆಗೆ ನಮ್ಮ ಬೆಂಗಳೂರಿನ ನಂಟೂ ಇದೆ. ಕೆಪ್ರೋಬ್ಸ್ ಎಂಬ ಒಂದು ಬಗೆಯ ಕೊಕ್ಕೆ ೨೦೦೪ರಲ್ಲಿ ಲಿನಕ್ಸಿಗೆ ಸೇರಿತು. ಅದನ್ನು ೨೦೦೨ರಲ್ಲಿ ಮೊದಲಿಗೆ ಬರೆದವರೂ, ಆಮೇಲೆ ಬೆಳೆಸಿದವರಲ್ಲಿ ಹಲವರೂ ಐಬಿಎಂ ಸಂಸ್ಥೆಯ ಭಾರತದ ಕಚೇರಿಯಲ್ಲಿ, ಬೆಂಗಳೂರಿನಲ್ಲಿ ಕೂತು ಕೆಲಸ ಮಾಡಿದವರು. ಅದಕ್ಕೆ ೨೦೦೪ರ ಜುಲೈನಲ್ಲಿ ಒಂದು ಮುಖ್ಯ ಭಾಗವನ್ನು ಸೇರಿಸಿದವರು ಸುಪರ್ಣಾ ಭಟ್ಟಾಚಾರ್ಯ ಎಂಬ ಮಹಿಳೆ ಎಂದು ಆ ಬರಹದ ತಲೆಯಲ್ಲಿಯೇ ದಾಖಲಾಗಿದೆ. ಕೆಪ್ರೋಬ್ಸ್ ಕೆಲಸ ಮಾಡುವ ರೀತಿ ಸೊಗಸಾಗಿದೆ. ಪುಸ್ತಕದ ಸಾಲಿನಲ್ಲಿ ಒಂದು ಪದದ ಮೇಲೆ ಪುಟ್ಟ ಚೀಟಿ ಅಂಟಿಸಿದಂತೆ. ಓದುತ್ತ ಬಂದವನು ಚೀಟಿ ಕಂಡೊಡನೆ ನಿಲ್ಲುತ್ತಾನೆ; ಅವನು ನಿಂತ ಕ್ಷಣದಲ್ಲಿ ನಾವು ನೋಡಬೇಕಾದ್ದನ್ನು ನೋಡಿಕೊಳ್ಳುತ್ತೇವೆ; ಆಮೇಲೆ ಚೀಟಿಯಡಿಯಲ್ಲಿದ್ದ ಮೂಲ ಪದವನ್ನು ಬೇರೆಡೆ ಜೋಪಾನವಾಗಿ ಬರೆದಿಟ್ಟಲ್ಲಿಂದ ಓದಿಸಿ, ಮುಂದಕ್ಕೆ ಕಳಿಸುತ್ತೇವೆ. ಓದಿದವನಿಗೆ ಕಥೆಯಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ.

೨೦೦೮ರಲ್ಲಿ ಬಂದ ಇನ್ನೊಂದು ಬಗೆ ಎಫ್‌ಟ್ರೇಸ್. ಅದರ ಮುಖ್ಯ ಕರ್ತೃ ಸ್ಟೀವನ್ ರೋಸ್ಟೆಡ್ಟ್. ಇಲ್ಲಿ ತಿರುಳಿನ ಬಹುಪಾಲು ಎಲ್ಲ ಕಾರ್ಯಗಳ ಹೊಸ್ತಿಲಲ್ಲಿಯೂ ಒಂದೊಂದು ಕೊಕ್ಕೆ ಇರುತ್ತದೆ. ಇಷ್ಟೊಂದು ಕೊಕ್ಕೆಗಳಿದ್ದರೆ ಯಂತ್ರ ಏದುಸಿರು ಬಿಡದೆ? ಅದಕ್ಕಾಗಿ, ಯಂತ್ರ ಎಚ್ಚರವಾಗುವಾಗಲೇ ಆ ಕೊಕ್ಕೆಗಳನ್ನೆಲ್ಲ “ಏನೂ ಮಾಡಬೇಡ, ಮುಂದೆ ನಡೆ” ಎಂಬ ಆಜ್ಞೆಯಾಗಿ ಬದಲಿಸಿಡುತ್ತಾರೆ. ನೋಡಬೇಕಾದಾಗ, ನೋಡಬೇಕಾದ ಹೊಸ್ತಿಲಲ್ಲಿ ಮಾತ್ರ ಅದು ಮತ್ತೆ ಕೊಕ್ಕೆಯಾಗುತ್ತದೆ. ಇದಕ್ಕೂ ಮುಂಚೆ, ೨೦೦೪ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನ ಮೂವರು ಇಂಜಿನಿಯರುಗಳು ಡಿಟ್ರೇಸ್ ಎಂಬ ತಮ್ಮ ಸಾಧನವನ್ನು ಪರಿಚಯಿಸುವಾಗಲೂ ಇದನ್ನೇ ಮೊದಲ ನಿಯಮವೆಂದು ಸಾರಿದ್ದರು: ನೋಡದೆ ಇರುವಾಗ ನೋಟದ ಭಾರ ಸೊನ್ನೆಯಾಗಿರಬೇಕು.

ಈ ಒಂದು ವಾಕ್ಯದ ಮುಂದೆ ನಾನು ಬಹಳ ಹೊತ್ತು ನಿಂತೆ. ನೋಡದೆ ಇರುವಾಗಲೂ ಭಾರವಾಗಿರುವ ನೋಟಗಳು ನಮ್ಮ ಬದುಕಿನಲ್ಲಿ ಎಷ್ಟಿವೆ! ಗಂಡ ಊರಿನಲ್ಲಿಲ್ಲ, ಅತ್ತೆ ತೀರಿಕೊಂಡು ವರ್ಷಗಳಾದವು, ಆದರೂ ಐವತ್ತು ದಾಟಿದ ಹೆಣ್ಣುಮಗಳೊಬ್ಬಳು ಸಂಜೆ ಗೆಳತಿಯ ಮನೆಯಲ್ಲಿ ಅರ್ಧ ಗಂಟೆ ಹೆಚ್ಚು ಕೂತರೆ ಎದೆ ಢವಢವ ಎನ್ನುತ್ತದೆ. ಯಾರೂ ಕಾಯುತ್ತಿಲ್ಲ. ಆದರೂ ಕೊಕ್ಕೆ ಕಳಚಿಲ್ಲ. ಅದು ಅವಳ ಒಳಗೇ ಬೆಳೆದು ಕೂತಿದೆ.

ನೋಡುವ ಕೈ ಎಷ್ಟು ಎಚ್ಚರವಾಗಿದ್ದರೂ ಸಾಲದು ಎಂಬುದಕ್ಕೆ ೨೦೦೮ರಲ್ಲಿ ನಡೆದ ಒಂದು ಘಟನೆ ಸಾಕ್ಷಿ. ಲಿನಕ್ಸ್‌ನ ೨.೬.೨೭ ಎಂಬ ಆವೃತ್ತಿ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಅದನ್ನು ಪರೀಕ್ಷಿಸುತ್ತಿದ್ದ ಕೆಲವರ ಯಂತ್ರಗಳಲ್ಲಿ ಇಂಟೆಲ್ ಕಂಪನಿಯ ಒಂದು ಜಾತಿಯ ನೆಟ್‌ವರ್ಕ್ ಕಾರ್ಡುಗಳು ಸಾಯತೊಡಗಿದವು. ಕಾರ್ಡಿನ ಸ್ವಂತ ನೆನಪೇ ಅಳಿಸಿಹೋಗುತ್ತಿತ್ತು. ಯಂತ್ರವನ್ನು ಆರಿಸಿ ಹೊತ್ತಿಸಿದರೂ ಬದುಕುತ್ತಿರಲಿಲ್ಲ. ಎಲ್ಲರೂ ಮೊದಲು ಸಂಶಯಪಟ್ಟದ್ದು ಆ ಕಾರ್ಡನ್ನು ನಡೆಸುವ ಕಾರ್ಯಕ್ರಮವನ್ನು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿಬಿದ್ದದ್ದು ಎಫ್‌ಟ್ರೇಸ್, ಅಂದರೆ ನೋಡುವುದಕ್ಕಾಗಿಯೇ ಇಟ್ಟಿದ್ದ ಕಣ್ಣು.

ಆದದ್ದು ಇಷ್ಟು. ತಾನು ಕೊಕ್ಕೆ ಬದಲಿಸಬೇಕಾದ ಜಾಗಗಳ ವಿಳಾಸಗಳನ್ನು ಅದು ಪಟ್ಟಿ ಮಾಡಿಟ್ಟುಕೊಂಡಿತ್ತು. ಆ ವಿಳಾಸಗಳಲ್ಲಿ ಕೆಲವು, ಆರಂಭದಲ್ಲಿ ಒಮ್ಮೆ ಮಾತ್ರ ಬೇಕಾಗುವ ಭಾಗದವು. ಕೆಲಸ ಮುಗಿದ ಮೇಲೆ ತಿರುಳು ಆ ಜಾಗವನ್ನು ತೆರವು ಮಾಡಿ ಬೇರೆಯವರಿಗೆ ಕೊಡುತ್ತದೆ. ಹಾಗೆ ತೆರವಾದ ವಿಳಾಸಕ್ಕೆ ನೆಟ್‌ವರ್ಕ್ ಕಾರ್ಡಿನ ನೆನಪಿನ ಭಾಗ ಬಂದು ಕೂತಿತ್ತು. ಎಫ್‌ಟ್ರೇಸ್ ತನ್ನ ಹಳೆಯ ಪಟ್ಟಿ ಹಿಡಿದು ಅಲ್ಲಿಗೆ ಹೋಗಿ, “ನನ್ನ ಕೊಕ್ಕೆ ಇಲ್ಲೇ ಇದೆಯೇ?” ಎಂದು ಹೋಲಿಸಿ ನೋಡಿತು. ಹಾಗೆ ಹೋಲಿಸುವ ಆ ಸೂಚನೆ, ಹೋಲಿಕೆಯಾಗದಿದ್ದರೂ ಇದ್ದದ್ದನ್ನೇ ಇದ್ದಲ್ಲಿಗೆ ಮತ್ತೊಮ್ಮೆ ಬರೆಯುವಂಥದು. ಸಾಮಾನ್ಯ ಜಾಗದಲ್ಲಿ ಅದರಿಂದ ಏನೂ ಆಗದು. ಕಾರ್ಡಿನ ನೆನಪಿಗೆ ಮಾತ್ರ ಅದು ಮಾರಕವಾಯಿತು. ಬಾಡಿಗೆದಾರರು ಮನೆ ಖಾಲಿ ಮಾಡಿ ವರ್ಷವಾಗಿದೆ. ಹಳೆಯ ವಿಳಾಸದ ಚೀಟಿ ಹಿಡಿದು ಬಂದವನು ಹೊಸ ಸಂಸಾರದ ಬಾಗಿಲನ್ನು ಒದ್ದು “ಸುಮ್ಮನೆ ನೋಡಿ ಹೋಗೋಣವೆಂದು ಬಂದೆ” ಎಂದಂತೆ.

ಆಮೇಲೆ ಅವರು ಮಾಡಿದ್ದು ನನಗೆ ಹಿಡಿಸಿತು. ೨೦೦೮ರ ಅಕ್ಟೋಬರಿನಲ್ಲಿ ಆ ಆವೃತ್ತಿ ಹೊರಬಂದ ಕೆಲವೇ ದಿನಗಳಲ್ಲಿ ಈ ನೋಟದ ಸೌಲಭ್ಯವನ್ನು ಅದರಲ್ಲಿ ಮುಚ್ಚಿಬಿಟ್ಟರು. ಮುಂದಿನ ಆವೃತ್ತಿಗೆ ಪೂರ್ತಿ ಬೇರೆ ರೀತಿ ಕಟ್ಟಿದರು. ಜೊತೆಗೆ ಒಂದು ಶಿಸ್ತನ್ನು ಅಳವಡಿಸಿದರು: ಹೋದ ಜಾಗದಲ್ಲಿ ತಾನು ನಿರೀಕ್ಷಿಸಿದ್ದು ಕಾಣದೆ ಬೇರೇನಾದರೂ ಕಂಡರೆ, ಎಫ್‌ಟ್ರೇಸ್ ಏನನ್ನೂ ಮುಟ್ಟದೆ ತನ್ನನ್ನು ತಾನೇ ನಿಲ್ಲಿಸಿಕೊಳ್ಳಬೇಕು. ನೋಡುವವರಿಗೆ ಇದಕ್ಕಿಂತ ದೊಡ್ಡ ವಿನಯ ಯಾವುದು? ನಾವು ಮಾಡುವುದು ಇದರ ತದ್ವಿರುದ್ಧ. ನಾವೆಣಿಸದ್ದು ಏನಾದರೂ ಕಂಡರೆ ಇನ್ನಷ್ಟು ಕೆದಕುತ್ತೇವೆ, ಇನ್ನೊಂದು ಕಪಾಟು ತೆರೆಯುತ್ತೇವೆ. “ಅವಳು ಮೊದಲು ಹೀಗಿರಲಿಲ್ಲ” ಎನ್ನುತ್ತೇವೆ. ಅವಳು ಆ ವಿಳಾಸದಿಂದ ಯಾವಾಗಲೋ ಹೊರಟುಹೋಗಿರಬಹುದು, ಈಗ ಅಲ್ಲಿರುವುದು ಬೆಳೆದ ಬೇರೊಬ್ಬ ಹುಡುಗಿ ಎಂಬ ಯೋಚನೆ ಬರುವುದಿಲ್ಲ.

ಕಾಯುತ್ತೇನೆಂದು ಒಳಗೆ ಕೂತವರೇ ಮನೆಯನ್ನು ಕೆಡವಿದ ಇನ್ನೊಂದು ಪ್ರಸಂಗ ನಿಮಗೂ ನೆನಪಿರಬಹುದು. ೨೦೨೪ರ ಜುಲೈ ೧೯ರಂದು ಲೋಕದಾದ್ಯಂತ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ವಿಮಾನ ನಿಲ್ದಾಣಗಳಲ್ಲಿ ಟಿಕೆಟ್ ಚೀಟಿಗಳನ್ನು ಕೈಯಲ್ಲಿ ಬರೆದುಕೊಟ್ಟರು. ವಿಂಡೋಸ್ ತಿರುಳಿನೊಳಗೆ ಕೂತು ಕಳ್ಳರು ಬರುತ್ತಾರೆಯೇ ಎಂದು ಕಾಯುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಕಾರ್ಯಕ್ರಮ, ೨೦ ಅಂಶಗಳಷ್ಟೇ ಇದ್ದ ಕಡೆ ೨೧ನೆಯದನ್ನು ಓದಲು ಹೋಗಿ ಮುಗ್ಗರಿಸಿತ್ತು. ಸುಮಾರು ೮೫ ಲಕ್ಷ ಯಂತ್ರಗಳು ನಿಂತವು ಎಂಬುದು ಮೈಕ್ರೋಸಾಫ್ಟ್‌ನ ಅಂದಾಜು. ಒಳಗೆ ಕೂತವರು ಮುಗ್ಗರಿಸಿದರೆ ಮನೆಯೇ ಮುಗ್ಗರಿಸುತ್ತದೆ. ಲಿನಕ್ಸಿನಲ್ಲಿ ೨೦೧೪ರಿಂದ ಇಬಿಪಿಎಫ್ ಎಂಬ ವ್ಯವಸ್ಥೆಯಿದೆ. ಅದರಲ್ಲಿ ಕೊಕ್ಕೆಗೆ ಕಣ್ಣನ್ನು ತಗುಲಿಸುವ ಮೊದಲು ಆ ಕಣ್ಣನ್ನೇ ಪರೀಕ್ಷಿಸುತ್ತಾರೆ. ಅದು ಎಲ್ಲಿಗೆಲ್ಲ ಹೋಗುತ್ತದೆ, ತನಗೆ ಸಂಬಂಧಪಡದ ಜಾಗವನ್ನು ಓದುತ್ತದೆಯೇ, ಶುರುವಾದದ್ದು ಮುಗಿಯುತ್ತದೆಯೇ ಎಂದು ಸಾಲುಸಾಲಾಗಿ ನೋಡುತ್ತಾರೆ. ಮುಗಿಯುತ್ತದೆ ಎಂದು ಖಚಿತವಾಗದ ನೋಟಕ್ಕೆ ಪ್ರವೇಶವಿಲ್ಲ.

ಇನ್ನೂ ಎರಡು ಸಂಗತಿಗಳು ನನ್ನ ಮನಸ್ಸಿನಲ್ಲಿ ಉಳಿದಿವೆ. ಮೊದಲನೆಯದು, ನೋಡಿದ್ದನ್ನು ಬರೆದಿಡುವ ಪುಸ್ತಕ. ಅದು ಉಂಗುರದ ಹಾಗೆ ದುಂಡಗಿರುತ್ತದಂತೆ. ಪುಟ ತುಂಬಿದ ಮೇಲೆ ಹೊಸದನ್ನು ಹಳೆಯದರ ಮೇಲೆಯೇ ಬರೆಯುತ್ತ ಹೋಗುತ್ತಾರೆ. ತೀರ ಹಳೆಯದು ತಾನಾಗಿ ಅಳಿದುಹೋಗುತ್ತದೆ. ನಮ್ಮ ಮನೆಗಳಲ್ಲಿ ನೋಡುವವರ ಪುಸ್ತಕಕ್ಕೆ ಕೊನೆಯ ಪುಟವೇ ಇಲ್ಲ. ಮದುವೆಯಾದ ಹೊಸದರಲ್ಲಿ ಸಾರಿಗೆ ಉಪ್ಪು ಹೆಚ್ಚಾದದ್ದು ಮೊಮ್ಮಗನ ನಾಮಕರಣದ ದಿನವೂ ಓದಿ ಹೇಳಲ್ಪಡುತ್ತದೆ.

ಎರಡನೆಯದು, ಕಿಟಕಿಯ ಋಣ. ೨೦೧೧ರಲ್ಲಿ ತಿರುಳಿನಿಂದ ಒಂದು ಹಳೆಯ ಬೀಗವನ್ನು ತೆಗೆದುಹಾಕಿದರು. ಬೀಗವೇ ಇಲ್ಲವೆಂದ ಮೇಲೆ ಅದರ ವಿಷಯ ದಾಖಲಿಸುವ ಅಂಕಣವೇಕೆ ಎಂದು ನೋಟದ ದಾಖಲೆಯಿಂದ ಅದನ್ನೂ ತೆಗೆದರು. ಕೂಡಲೇ ಪವರ್‌ಟಾಪ್ ಎಂಬ ಉಪಯುಕ್ತ ಸಾಧನವೊಂದು ತಪ್ಪುತಪ್ಪಾಗಿ ಓದತೊಡಗಿತು. ದಾಖಲೆಯಲ್ಲಿ ಯಾವುದು ಎಷ್ಟನೆಯ ಜಾಗದಲ್ಲಿದೆ ಎಂದು ಅದು ಗುರುತಿಟ್ಟುಕೊಂಡಿತ್ತು. ಕೊನೆಗೆ ಆ ಜಾಗದಲ್ಲಿ ಅರ್ಥವೇನೂ ಇಲ್ಲದ ಖಾಲಿ ಅಂಕಣವನ್ನು ಮತ್ತೆ ಇಡಬೇಕಾಯಿತು. ಒಮ್ಮೆ ತೆರೆದ ಕಿಟಕಿಯನ್ನು ನಂಬಿ ಯಾರಾದರೂ ಬದುಕತೊಡಗಿದರೆ ಅದನ್ನು ಮುಚ್ಚುವುದು ನಮ್ಮ ಇಚ್ಛೆಯಲ್ಲಿ ಉಳಿಯುವುದಿಲ್ಲ. ಇದೇ ಕಾರಣಕ್ಕೆ ಫೈಲುಗಳ ವಿಭಾಗವನ್ನು ನೋಡಿಕೊಳ್ಳುವ ಅಲ್ ವಿರೋ ಎಂಬವರು ತಮ್ಮ ಭಾಗದಲ್ಲಿ ಇಂಥ ಕಾಯಂ ಕಿಟಕಿಗಳಿಗೆ ಬಹುಕಾಲ ಒಪ್ಪಲಿಲ್ಲ. ಅವರು ಏನನ್ನೋ ಬಚ್ಚಿಡುತ್ತಿದ್ದಾರೆಂದು ಯಾರೂ ಅನ್ನಲಿಲ್ಲ, ಏಕೆಂದರೆ ಆ ಬರಹವೆಲ್ಲ ಲೋಕಕ್ಕೇ ತೆರೆದದ್ದು. ಬೇಡ ಎನ್ನುವುದಕ್ಕೂ ಗೌರವದ ಕಾರಣಗಳಿರುತ್ತವೆ ಎಂಬುದನ್ನು ನಾವು ಹೆಣ್ಣುಮಕ್ಕಳ ವಿಷಯದಲ್ಲಿ ಎಂದಾದರೂ ಒಪ್ಪಿದ್ದೇವೆಯೇ?

ಇದೆಲ್ಲ ಯಂತ್ರದ ಮಾತಾಯಿತು. ನನಗೆ ಇದು ಯಾಕೆ ಬೇಕಾಯಿತೆಂದರೆ, ಹೋದ ವರ್ಷ ನಮ್ಮ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ನನ್ನ ಬಳಿ ಬಂದು ಒಂದು ಪ್ರಶ್ನೆ ಕೇಳಿದರು. ಮಗಳ ಫೋನಿನಲ್ಲಿ ಅವಳಿಗೆ ತಿಳಿಯದ ಹಾಗೆ ಏನೋ ಒಂದನ್ನು ಹಾಕಿಸಬಹುದಂತೆ. ಅವಳು ಎಲ್ಲಿದ್ದಾಳೆ, ಯಾರ ಜೊತೆ ಮಾತನಾಡುತ್ತಾಳೆ, ಏನು ಬರೆಯುತ್ತಾಳೆ, ಎಲ್ಲ ತಾಯಿಯ ಫೋನಿಗೆ ಬರುತ್ತದಂತೆ. ಫೋನಿನ ಅಂಗಡಿಯ ಹುಡುಗ ಹಾಕಿಕೊಡುತ್ತೇನೆ ಎಂದಿದ್ದಾನೆ. “ಹಾಕಿಸಲೇ ಮೇಡಂ? ನೀವೇ ಹೇಳಿ. ನೀವು ಹೇಳಿದ ಹಾಗೆ ಮಾಡ್ತೀನಿ” ಎಂದರು.

ಆ ತಾಯಿಯನ್ನು ಹಗುರವಾಗಿ ನೋಡುವುದು ನನ್ನಿಂದಾಗದು. ಫೋನಿನ ದಾರಿಯಲ್ಲಿ ಹೆಣ್ಣುಮಕ್ಕಳಿಗೆ ಎಂಥ ಜನ ಸಿಗುತ್ತಾರೆ, ಒಂದು ಫೋಟೋ ಇಟ್ಟುಕೊಂಡು ಹೇಗೆ ಹೆದರಿಸುತ್ತಾರೆ ಎಂಬುದು ಪತ್ರಿಕೆ ಓದುವ ಯಾವ ತಾಯಿಗೂ ಗೊತ್ತು. ಆಕೆಯ ಭಯ ನಿಜವಾದದ್ದು. ಅವರು ಒಬ್ಬರೇ ದುಡಿದು ಮಕ್ಕಳನ್ನು ಓದಿಸುತ್ತಿರುವವರು. ಸಂಜೆ ಏಳರವರೆಗೆ ಮನೆಯಲ್ಲಿರುವುದಿಲ್ಲ. ಕಾಯುವವರಿಲ್ಲದ ಮನೆಗೆ ಒಂದು ಕಣ್ಣು ಬೇಕು ಎನ್ನಿಸಿದರೆ ಅದು ಅಪರಾಧವಲ್ಲ.

ನಾನು ಆಕೆಯನ್ನು ಮೊದಲು ಕೇಳಿದ್ದು, “ನಿಮಗೆ ಯಾವ ಪ್ರಶ್ನೆಗೆ ಉತ್ತರ ಬೇಕು?” ಎಂದು. ತಂಗಿಯ ಮಗಳು ಹೇಳುತ್ತಿದ್ದಳು, ಪ್ರಶ್ನೆಯಿಲ್ಲದೆ ಎಲ್ಲ ಕೊಕ್ಕೆಗಳನ್ನೂ ಒಟ್ಟಿಗೆ ತೆರೆದರೆ ಕ್ಷಣದಲ್ಲಿ ಲಕ್ಷಗಟ್ಟಲೆ ಸಾಲುಗಳು ಸುರಿಯುತ್ತವೆ, ಅದರಲ್ಲಿ ಏನೂ ತಿಳಿಯುವುದಿಲ್ಲ ಎಂದು. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಏನಾದ್ರೂ ಇದ್ರೆ ಗೊತ್ತಾಗ್ಲಿ ಅಂತ” ಎಂದರು. ಏನಾದರೂ ಇದ್ದರೆ! ಈ ಹುಡುಕಾಟಕ್ಕೆ ಕೊನೆಯಿಲ್ಲ. ಇಂದು ಏನೂ ಸಿಗದಿದ್ದರೆ ನಾಳೆ ಸಿಕ್ಕೀತು ಎಂದು ಅದು ಮುಂದುವರಿಯುತ್ತಲೇ ಇರುತ್ತದೆ.

ಎರಡನೆಯದಾಗಿ ಕೇಳಿದೆ, “ಮಗನ ಫೋನಿಗೂ ಹಾಕಿಸುತ್ತೀರಾ?” ಅವರಿಗೆ ಪಿಯುಸಿ ಓದುವ ಮಗನೊಬ್ಬನಿದ್ದಾನೆ. “ಅವನು ಗಂಡುಹುಡುಗ ಅಲ್ವಾ ಮೇಡಂ” ಎಂದರು. ಎಫ್‌ಟ್ರೇಸಿನವರು ಹೊಸ್ತಿಲುಗಳಲ್ಲಿ ಭೇದ ಮಾಡದೆ ಕೊಕ್ಕೆ ಇಡುತ್ತಾರೆ. ತಪ್ಪು ಎಲ್ಲಿ ಹುಟ್ಟುತ್ತದೋ ಮೊದಲೇ ಹೇಳಲಾಗದು ಎಂಬುದು ಅವರಿಗೆ ಗೊತ್ತು. ನಾವು ಮಾತ್ರ ತಪ್ಪು ಯಾವ ಕೋಣೆಯಲ್ಲಿ ಹುಟ್ಟುತ್ತದೆಂದು ಮೊದಲೇ ತೀರ್ಮಾನಿಸಿ ಆ ಕೋಣೆಯ ಮುಂದೆ ಮಾತ್ರ ಕಾವಲು ಕೂರುತ್ತೇವೆ. ಫೋಟೋ ಇಟ್ಟುಕೊಂಡು ಹೆದರಿಸುವ ಹುಡುಗರೂ ಯಾವುದೋ ತಾಯಿಯ ಮಕ್ಕಳೇ. ಅವರ ಕೋಣೆಯ ಮುಂದೆ ಯಾರೂ ಕೂತಿರಲಿಲ್ಲ.

ಇಲ್ಲಿಗೆ ಬಂದಾಗ ಯಂತ್ರದ ಹೋಲಿಕೆ ನಮ್ಮ ಕೈಬಿಡುತ್ತದೆ. ಕೈಬಿಡುವ ಜಾಗವೇ ಎಲ್ಲಕ್ಕಿಂತ ಮುಖ್ಯವಾದದ್ದು. ಯಂತ್ರವನ್ನು ನೋಡುವವರು ತಮ್ಮ ನೋಟ ಯಂತ್ರಕ್ಕೆ ಗೊತ್ತಾಗದಿರಲಿ ಎಂದು ಅಷ್ಟೆಲ್ಲ ಶ್ರಮಪಡುತ್ತಾರೆ. ಅಲ್ಲಿ ಅದೇ ಗುಣ, ಅದೇ ಧರ್ಮ. ಮನುಷ್ಯರಲ್ಲಿ, ಗೊತ್ತಾಗದ ಹಾಗೆ ನೋಡುವುದೇ ಗಾಯ. ಹೀಗೇಕೆ? ಯಂತ್ರದ ಒಳಗು ಯಂತ್ರಕ್ಕೆ ಸೇರಿದ್ದಲ್ಲ. ಅದಕ್ಕೆ ಗುಟ್ಟಿಲ್ಲ, ನಾಚಿಕೆಯಿಲ್ಲ, “ಇದನ್ನು ನಾಳೆ ಅಮ್ಮನಿಗೆ ಹೇಳೋಣ, ಇವತ್ತು ಬೇಡ” ಎಂಬ ಯೋಚನೆಯಿಲ್ಲ. ಹದಿನೈದು ವರ್ಷದ ಹುಡುಗಿಗೆ ಇದೆಲ್ಲ ಇದೆ. ಅವಳ ಒಳಗು ಅವಳದು. ಯಾವಾಗ, ಯಾರಿಗೆ, ಎಷ್ಟು ತೆರೆಯಬೇಕೆಂದು ಅವಳು ಕಲಿಯುತ್ತಿರುವ ವಯಸ್ಸು ಅದು. ಆ ಕಲಿಕೆಯ ನಡುವೆ ನಾವು ಹಿಂಬಾಗಿಲಿನಿಂದ ನುಗ್ಗಿ ಎಲ್ಲವನ್ನೂ ಓದಿಕೊಂಡುಬಿಟ್ಟರೆ, ಹೇಳುವುದಕ್ಕೆ ಅವಳ ಬಳಿ ಏನು ಉಳಿಯಿತು?

ನಮ್ಮ ದೇಶದ ಸುಪ್ರೀಂ ಕೋರ್ಟು ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದಲ್ಲಿ, ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು. ಆ ಮೊಕದ್ದಮೆಯ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆಧಾರ್ ಕುರಿತ ಪ್ರಶ್ನೆಯನ್ನು ಹಿಡಿದು ೨೦೧೨ರಲ್ಲಿ ಅವರು ನ್ಯಾಯಾಲಯದ ಮೆಟ್ಟಿಲೇರಿದಾಗ ಎಂಬತ್ತು ದಾಟಿದವರು. ಸರ್ಕಾರ ಮತ್ತು ಪ್ರಜೆಯ ನಡುವಿನ ಈ ತೀರ್ಪನ್ನು ನಾನು ತರಗತಿಯಲ್ಲಿ ಪಾಠ ಮಾಡುವಾಗ ಮಕ್ಕಳು ಗಂಭೀರವಾಗಿ ಬರೆದುಕೊಳ್ಳುತ್ತಾರೆ. ಹೆಣ್ಣುಮಕ್ಕಳು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಆ ನಗುವಿನ ಅರ್ಥ ನಮಗೆ ಗೊತ್ತಿಲ್ಲದ್ದಲ್ಲ. ಸಂವಿಧಾನ ಮನೆಯ ಹೊಸ್ತಿಲಿನವರೆಗೆ ಬಂದು ಚಪ್ಪಲಿ ಬಿಟ್ಟು ಹೊರಗೇ ನಿಂತಿರುತ್ತದೆ.

ನಾನು ಆ ತಾಯಿಗೆ ಹೇಳಿದ್ದು ಇದನ್ನು. ನೋಡಲೇಬೇಕು ಎನ್ನಿಸುವಂಥ ಅಪಾಯದ ಸುಳಿವು ನಿಜವಾಗಿ ಇದ್ದರೆ ನೋಡಿ, ಆದರೆ ಅವಳಿಗೆ ಹೇಳಿ ನೋಡಿ. ಯಾವುದಕ್ಕೆ ಹೆದರುತ್ತಿದ್ದೀರಿ ಎಂಬುದನ್ನೂ ಹೇಳಿ. ಎಂದಿನವರೆಗೆ ಎಂದು ದಿನ ಗೊತ್ತುಮಾಡಿ, ಆ ದಿನ ಬಂದಾಗ ಅವಳ ಎದುರಿನಲ್ಲಿಯೇ ತೆಗೆಸಿ. ಕಂಡದ್ದನ್ನು ಅಕ್ಕತಂಗಿಯರಿಗಾಗಲಿ, ಪಕ್ಕದ ಮನೆಯವರಿಗಾಗಲಿ ದಾಟಿಸಬೇಡಿ. ಆಮೇಲೆ ಅದನ್ನು ಎತ್ತಿ ಆಡಬೇಡಿ.

ಅವರು ತಕ್ಷಣ ಕೇಳಿದರು: “ಹೇಳಿದರೆ ಅವಳು ಹುಷಾರಾಗಿಬಿಡ್ತಾಳಲ್ಲ ಮೇಡಂ? ಆಗ ನಮಗೆ ಏನು ಗೊತ್ತಾದ ಹಾಗಾಯ್ತು?”

ಇದು ಸುಲಭದ ಪ್ರಶ್ನೆಯಲ್ಲ. ನೋಟದಿಂದ ಲಯ ಬದಲಾಗಿ ತಪ್ಪು ಅಡಗಿಕೊಳ್ಳುತ್ತದೆ ಎಂದು ಯಂತ್ರದವರು ಹೇಳುವುದೂ ಇದನ್ನೇ. ನಾನು ಸ್ವಲ್ಪ ಯೋಚಿಸಿ ಉತ್ತರಿಸಿದೆ. ನೋಡುತ್ತಿದ್ದಾರೆಂದು ತಿಳಿದು ಯಂತ್ರ ಬದಲಾದರೆ ನಮ್ಮ ಅಳತೆ ಕೆಟ್ಟಂತೆ. ಮಗಳು ಬದಲಾದರೆ ಅದು ಅವಳು ಕೊಟ್ಟ ಉತ್ತರ. ಸಿಟ್ಟಾಗಬಹುದು, ಅಳಬಹುದು, ಎರಡು ದಿನ ಊಟ ಬಿಡಬಹುದು, ಬಚ್ಚಿಡಲೂಬಹುದು. ಅಥವಾ “ಅಮ್ಮಾ, ನಿನಗೆ ಒಂದು ವಿಷಯ ಹೇಳಬೇಕಿತ್ತು” ಎನ್ನಲೂಬಹುದು. ಇವುಗಳಲ್ಲಿ ಯಾವುದಾದರೂ ಸರಿ, ಅಂಗಡಿಯ ಹುಡುಗ ಹಾಕಿಕೊಡುವ ಕೊಕ್ಕೆಯಿಂದ ಸಿಗುವುದಕ್ಕಿಂತ ಹೆಚ್ಚು ತಿಳಿಸುತ್ತದೆ. ಗುಟ್ಟಾಗಿ ನೋಡಿದರೆ ಅವಳು ಎಲ್ಲಿದ್ದಾಳೆಂಬುದು ಗೊತ್ತಾಗುತ್ತದೆ. ಅವಳು ಯಾರೆಂಬುದು ಅವಳೇ ಹೇಳಿದ ಹೊರತು ಗೊತ್ತಾಗದು. ಗುಟ್ಟಿನ ನೋಟ ಒಂದಲ್ಲ ಒಂದು ದಿನ ಬಯಲಾಗಿಯೇ ಆಗುತ್ತದೆ. ಆ ದಿನದಿಂದ ಅವಳು ಬದುಕಿಡೀ ತಪಾಸಣೆಯ ದಿನದ ಮಗಳಾಗಿಯೇ ಇರುತ್ತಾಳೆ.

ನೋಡುವವರನ್ನು ನೋಡುವವರು ಯಾರು ಎಂಬ ಪ್ರಶ್ನೆ ಉಳಿಯಿತು. ಕೆಪ್ರೋಬ್ಸ್‌ನಲ್ಲಿ ಒಂದು ವಿಚಿತ್ರವಿದೆ. ತಿರುಳಿನಲ್ಲಿ ಬೇಕಾದ ಕಡೆಗೆಲ್ಲ ಬಹುಮಟ್ಟಿಗೆ ಅದನ್ನು ಸಿಕ್ಕಿಸಬಹುದು. ಅದನ್ನು ನಡೆಸುವ ಅದರದೇ ಬರಹದ ಮೇಲೆ ಸಿಕ್ಕಿಸುವಂತಿಲ್ಲ. ಸಿಕ್ಕಿಸಿದರೆ ಕಣ್ಣು ತನ್ನನ್ನು ತಾನೇ ನೋಡುತ್ತ ಸುತ್ತುಸುತ್ತಿ ಯಂತ್ರವೇ ನಿಲ್ಲುತ್ತದೆ. ಅದಕ್ಕಾಗಿ ಅಂಥ ಜಾಗಗಳ ನಿಷೇಧದ ಪಟ್ಟಿಯೊಂದನ್ನು ಇಟ್ಟಿದ್ದಾರೆ. ನೋಡುವ ಕಣ್ಣು ಸರಿಯಾಗಿದೆಯೇ ಎಂಬುದನ್ನು ಹೊರಗಿನ ಇನ್ನೊಬ್ಬರು, ಬರಹವನ್ನು ಓದಿ, ಹೇಳಬೇಕು. ಸಾವಿರಾರು ಜನ ಓದಲು ಅದು ತೆರೆದಿರುವುದೂ ಅದಕ್ಕೇ. ತಾಯಂದಿರಿಗೆ, ಟೀಚರುಗಳಿಗೆ, ಸರ್ಕಾರಗಳಿಗೆ ಕೂಡ ಈ ಮಾತು ಸಲ್ಲುತ್ತದೆ. ನನ್ನ ನೋಟ ಪ್ರೀತಿಯದೋ ಅನುಮಾನದ್ದೋ ಎಂದು ನಾನೇ ತೀರ್ಪು ಕೊಟ್ಟುಕೊ‍ಳ್ಳಲಾರೆ. ಅದನ್ನು ಹೇಳಬೇಕಾದವಳು ನೋಡಿಸಿಕೊಂಡವಳು. ಅವಳು ಹೇಳಬೇಕಾದರೆ ಮೊದಲು ಅವಳಿಗೆ ಗೊತ್ತಿರಬೇಕು.

ಆ ತಾಯಿ ಏನು ಮಾಡಿದರೆಂದು ನಾನು ವಿಚಾರಿಸಲು ಹೋಗಲಿಲ್ಲ. ಅದು ಅವರ ಮನೆಯ ವಿಷಯ. ಹುಡುಗಿ ಪರೀಕ್ಷೆ ಮುಗಿಸಿ ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಆಗೊಮ್ಮೆ ಈಗೊಮ್ಮೆ ಸಂತೆಯಲ್ಲಿ ತಾಯಿ ಮಗಳು ಇಬ್ಬರೂ ಒಟ್ಟಿಗೆ ಸೊಪ್ಪು ಆರಿಸುತ್ತಿರುವುದು ಕಾಣುತ್ತದೆ. ಮಗಳು ಏನೋ ಹೇಳುತ್ತಿರುತ್ತಾಳೆ, ತಾಯಿ ಕೊತ್ತಂಬರಿ ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳುತ್ತಿರುತ್ತಾರೆ. ನಾನು ಬೇರೆ ಸಾಲಿನಲ್ಲಿ ಹಾಯ್ದು ಹೋಗುತ್ತೇನೆ.